ಮಾಸದ ಮಾಸು

ಐವತ್ನಾಲ್ಕನೇ ಉಪಕಾಲುವೆಗೆ ನೀರು ಬಿಟ್ಟ ಮೂರನೇ ವಾರ
ನನ್ನ ಮೇಜಿನ ಮೇಲೆ ಗಾಜಿನ ಪಟ್ಟಿಗಳು ಹೆಚ್ಚುತ್ತವೆ.
ಬೆರಳಿಗೆ ಸೂಜಿ, ಒಂದು ಹನಿ,
ಅಂಚಿನಿಂದ ಎಳೆದರೆ ನಾಲಿಗೆಯ ಆಕಾರ,
ಮೇಲೆ ನೇರಳೆ ಬಣ್ಣ, ನಲ್ಲಿ ನೀರು.
ಹದಿನೇಳು ವರ್ಷದಿಂದ ಒಂದೇ ಕಣ್ಣಿನ ಕೆಲಸ.
ಸಿಂಧನೂರು ಕಡೆಯ ಕ್ಯಾಂಪುಗಳ ಹೆಂಗಸರು ಕಿಟಕಿಗೆ ಬಂದು ನಿಲ್ಲುತ್ತಾರೆ:
"ಶಮೀಮಕ್ಕ, ಏನೈತಿ ನೋಡಿ ಹೇಳ್ರಿ."

ಅಯ್ಯಮ್ಮ ಬಂದಾಗ ಏಳು ತಿಂಗಳು. ಚೊಚ್ಚಲು.
ನೆಲ್ಲು ಹಚ್ಚಿ ನೇರ ಬಂದಿದ್ದಳು,
ಮೊಣಕಾಲಿನ ತನಕ ಕೆಸರು ಒಣಗಿ ಬಿರಿದಿತ್ತು.
ಜ್ವರ ಇಲ್ಲ, ನಡುಕ ಇಲ್ಲ.
"ಸಣ್ಣಾಕಿ ಇದ್ದಾಗ ವರ್ಷಾ ಬರ್ತಿತ್ತಕ್ಕ ಚಳಿಜ್ವರ.
ಈಗ ನನ್ನ ಕಡಿದ ಸೊಳ್ಳಿನ ಸಾಯತಾವ"
ಎಂದು ನಕ್ಕಳು.
ರೆಪ್ಪೆ ಕೆಳಗೆಳೆದರೆ
ಒಳಗೆ ಬಿಳಿಜೋಳದ ರೊಟ್ಟಿಯ ಬಣ್ಣ.

ನೂರು ಫೀಲ್ಡು ನೋಡಬೇಕೆಂಬುದು ನಿಯಮ.
ಇನ್ನೂರು ನೋಡಿದೆ. ಎಲ್ಲೂ ಉಂಗುರವಿಲ್ಲ.
ರಿಜಿಸ್ಟರಿನಲ್ಲಿ ಬರೆದೆ: ಇಲ್ಲ.
ಕೆಂಪು ಪೆನ್ನಿನ ಮುಚ್ಚಳ ತೆಗೆಯಲಿಲ್ಲ.

ತಿಂಗಳು ತುಂಬುವ ಮೊದಲೇ ಹೆತ್ತಳು,
ಕರೆಂಟು ಹೋದ ರಾತ್ರಿ, ಮೊಬೈಲಿನ ಬೆಳಕಲ್ಲಿ.
ತಕ್ಕಡಿ ಹೇಳಿತು ಒಂದೂಮುಕ್ಕಾಲು ಕಿಲೊ.
ಹೆಸರಿಡುವ ದಿನಕ್ಕೆ ಅದು ಕಾಯಲಿಲ್ಲ.

ಆ ರಾತ್ರಿ ಸಿಸ್ಟರ್ ಎಸ್ತೇರಮ್ಮ
ತಟ್ಟೆಯ ಮೇಲಿನ ಬಟ್ಟೆ ಸರಿಸಿ ಕೇಳಿದ್ದಳು,
"ಮಾಸಿಂದೂ ಒಂದು ಗಾಜು ಎಳೀತೀರೇನು?
ನಮ್ಮ ಹಳೇ ಡಾಕ್ಟರಮ್ಮ ಎಳಸ್ತಿದ್ದರು."
ತಾಯಿಯ ಬದಿಗೆ ಸಣ್ಣದೊಂದು ಗೀರು, ಒಸರಿದ ಕಪ್ಪು.
ಬೆಳಗಾದ ಮೇಲೆ ಕಣ್ಣಿಟ್ಟೆ.
ನಾಟಿ ಮುಗಿದ ಗದ್ದೆ ಅದು. ಒತ್ತೊತ್ತಾಗಿ, ಬೇರೂರಿ,
ಹೊಟ್ಟೆಯಲ್ಲಿ ಕಂದು ಕಸ ಹೊತ್ತು ಬಲಿತವು.
ಬೆರಳ ತುದಿಗೆ ಒಂದೂ ಬರದೆ
ಎಲ್ಲವೂ ಇಲ್ಲಿ ಸಂತೆ ನೆರೆದಿದ್ದವು.

ಮರುವರ್ಷ ರಾಯಚೂರಿನ ತರಬೇತಿಯಲ್ಲಿ,
ಊಟದ ಮೇಲೆ ಅರ್ಧ ಜನ ತೂಕಡಿಸುವಾಗ, ಒಬ್ಬರು ಹೇಳಿದರು:
ಹುಟ್ಟಿದಾರಭ್ಯ ಕಚ್ಚಿಸಿಕೊಂಡ ಮೈ
ಈ ರೋಗದ ವೇಷಗಳನ್ನೆಲ್ಲ ಗುರುತು ಹಿಡಿಯುತ್ತದೆ.
ಬಸಿರಾದರೆ ಒಳಗೊಂದು ಹೊಸ ಮನೆ ಏಳುತ್ತದೆ,
ಅದರ ಬಾಗಿಲು ಬೇರೆ, ಅಗುಳಿ ಬೇರೆ.
ಆ ಬಾಗಿಲಿಗೆಂದೇ ವೇಷ ತೊಟ್ಟು ಬಂದವನನ್ನು
ಮೈ ಹಿಂದೆಂದೂ ಕಂಡಿರುವುದಿಲ್ಲ.
ಎರಡನೆಯ ಬಸಿರಿಗೆ ಗುರುತು ಸಿಗುತ್ತದೆ,
ಮೂರನೆಯದಕ್ಕೆ ಇನ್ನಷ್ಟು.
ದೂರದ ದೇಶಗಳಲ್ಲಿ ಕಂಡ ಲೆಕ್ಕ ಇದು,
ನಮ್ಮ ಕಡೆ ಇಷ್ಟು ಗಟ್ಟಿಯಾಗಿ ಹೇಳಲಾಗದು ಎಂದೂ ಅಂದರು.
ನಾನು ಬರೆದುಕೊಂಡೆ. ಚಹಾ ಬಂತು.
ಆ ಮೊದಲ ಪಾಠದ ಫೀ ಎಷ್ಟೆಂದು
ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಮಾಸನ್ನು ಅಯ್ಯಮ್ಮನ ಅತ್ತೆ ಉಪ್ಪು ಹಾಕಿ
ಬಚ್ಚಲ ಹಿಂದೆ ಹೂತಳು.
ನೋಡಿ ಮುಗಿದ ಗಾಜು ತೊಳೆದು ಮತ್ತೆ ಬಳಸುವುದು ನಮ್ಮ ರೂಢಿ.
ಆ ಒಂದನ್ನು ತೊಳೆಯಲು ಕೈ ಬರಲಿಲ್ಲ.
ಡ್ರಾಯರಿನಲ್ಲಿ, ಹಳೇ ರಸೀದಿಗಳ ಕೆಳಗೆ ಇದೆ.
ಮಾಸು ಎಂಬ ಹೆಸರಿದ್ದರೂ
ನೇರಳೆ ಬಣ್ಣ ಇನ್ನೂ ಮಾಸಿಲ್ಲ.

ಮೂರು ವರ್ಷಕ್ಕೆ ಮತ್ತೆ ಬಂದಳು ಅಯ್ಯಮ್ಮ.
ಅದೇ ಕಾಲುವೆ, ಅದೇ ಕೆಸರು,
ಈ ಸಲ ನಗಲಿಲ್ಲ, ಬೆರಳು ತಾನೇ ಚಾಚಿದಳು.
ತಿಂಗಳು ತುಂಬಿ ಹೆತ್ತಳು. ಎರಡೂಮುಕ್ಕಾಲು ಕಿಲೊ, ಹೆಣ್ಣು.
ಎಸ್ತೇರಮ್ಮ ನಿವೃತ್ತಳಾಗಿದ್ದಳು, ಮಾಸಿಗೆ ನಾನೇ ಗೀರಿದೆ.
ಮೂರು ಸಲ ನೋಡಿದೆ. ಬರೀ ರಕ್ತ.
ಮೈ ಕಲಿತಿತ್ತೋ, ಪರದೆ ಕಾದಿತ್ತೋ,
ಗಾಜಿನಲ್ಲಿ ಅದು ಕಾಣುವುದಿಲ್ಲ.

"ಮೊದಲಿನ ಕೂಸು ಇದಕ ದಾರಿ ಹೇಳಿ ಹೋಗೈತಿ,
ಹೌದಿಲ್ಲೋ ಅಕ್ಕ?"
ಹೌದೆಂದೆ.
ಹೇಳದೆ ನುಂಗಿದ ಮಾತೊಂದಿತ್ತು:
ತಾಯಿ ಕಲಿತದ್ದು ಕೂಸಿನ ನೆತ್ತರಲ್ಲಿ ಕೆಲವು ತಿಂಗಳು ಮಾತ್ರ,
ಇವಳ ಚೊಚ್ಚಲಿಗೆ
ಇವಳ ಮೈ ಮತ್ತೆ ಅ ಆ ಇಂದ ತೊಡಗಬೇಕು.

ತೊಟ್ಟಿಲಿಗೆ ಹೊದಿಸಿದ್ದ ಸೊಳ್ಳೆಪರದೆಯಲ್ಲಿ ಮೂರು ತೂತು.
ದಾರ ಹುಡುಕಲು ಎದ್ದೆ.