ಜುಲೈ ತಿಂಗಳ ಗೆರೆ

ಅಲ್ ಐನ್‌ನ ಹಿಂಬದಿ ರಸ್ತೆಯಲ್ಲಿ, ಟೈರಂಗಡಿ ದಾಟಿದರೆ
ನಮ್ಮ ಡೇಗೆ ಆಸ್ಪತ್ರೆ.
ಮುರಿದ ಗರಿ ಜೋಡಿಸುವುದು ಇಲ್ಲಿ ನನ್ನ ಕೆಲಸ.
ಗಂಗೊಳ್ಳಿಯಲ್ಲಿ ಬಲೆ ಹೆಣೆದ ಬೆರಳೆಂದು
ಅರ್ಜಿಯಲ್ಲಿ ಬರೆದಿರಲಿಲ್ಲ.
ಮೊದಲ ಗಂಟು ಹಾಕಿದ ದಿನ ಅವರಿಗೇ ಗೊತ್ತಾಯಿತು.

ಬಿದಿರ ಕಡ್ಡಿಯನ್ನು ಸೂಜಿಯಷ್ಟು ಸಣ್ಣಗೆ ಕೆತ್ತಿ
ಅರ್ಧ ಹಕ್ಕಿಯಲ್ಲೇ ಉಳಿದ ಮೋಟು ಬುಡಕ್ಕೆ,
ಅರ್ಧ ಹೊಸ ಗರಿಯ ಟೊಳ್ಳಿಗೆ,
ನಡುವೆ ಒಂದೇ ಹನಿ ಅಂಟು.
ಹೊಸದೆಂದರೆ ಹೊಸದಲ್ಲ.
ಹೋದ ವರ್ಷ ಯಾವುದೋ ಹಕ್ಕಿ ಉದುರಿಸಿದ್ದು,
ಎಡ ಮೂರು, ಬಲ ಏಳು ಎಂದು ಲಕೋಟೆಯ ಮೇಲೆ ಬರೆದು
ನಾನೇ ಎತ್ತಿಟ್ಟದ್ದು.

ನವೆಂಬರಿನಲ್ಲಿ ಮುರಾದ್ ಬಕ್ಷ್ ಬಂದ.
ಮುಷ್ಟಿಯ ಮೇಲೆ ಹೆಣ್ಣು ಡೇಗೆ.
ಈ ಜಾತಿಗೆ ಅರಬ್ಬಿಯಲ್ಲಿ ಹುರ್ರ್ ಅನ್ನುತ್ತಾರೆ,
ಹಾಗೆಂದರೆ ಸ್ವತಂತ್ರ.
ಕಾಲಿಗೆ ತೊಗಲ ದಾರ, ಕಣ್ಣಿಗೆ ಬುರ್ಖಾ,
ಅವಳ ಹೆಸರಲ್ಲೊಂದು ಪಾಸ್‌ಪೋರ್ಟು.
ಅದು ಮುರಾದನ ಜೇಬಿನಲ್ಲಿ.
ಮುರಾದನದು ಧಣಿಯ ಬೀರುವಿನಲ್ಲಿ.

ಎರಡು ವಾರದಿಂದ ಉಸಿರಲ್ಲಿ ಸಣ್ಣ ಸೀಟಿ.
ಕೊಟ್ಟದ್ದನ್ನು ಕುಕ್ಕಿ ಕುಕ್ಕಿ ಎಸೆಯುತ್ತಾಳೆ.
ಯಾರೂ ಮುಟ್ಟದೆಯೇ ಮುಷ್ಟಿಯಿಂದ ಧುಮುಕಿ
ತಲೆಕೆಳಗಾಗಿ ಜೋತು,
ಎತ್ತಿ ಕೂರಿಸಿದರೆ ಮತ್ತೆ ಧುಮುಕಿ ಜೋತು,
ಬಾಲದ ಹನ್ನೆರಡರಲ್ಲಿ ಐದು ಗರಿ ಮುರಿದಿವೆ.

ಗ್ಯಾಸಿನ ಮುಖವಾಡ ಹಾಕಿದೊಡನೆ ಅವಳು ಮಲಗಿದಳು.
ಡಾಕ್ಟರ್ ಸಿಹಾಮ್ ರೆಕ್ಕೆ ಬಿಡಿಸಿ ದೀಪಕ್ಕೆ ಹಿಡಿದರು.
ಗರಿಯಿಂದ ಗರಿಗೆ ಒಂದೇ ಎತ್ತರದಲ್ಲಿ
ಬ್ಲೇಡಿನಲ್ಲಿ ಎಳೆದಂಥ ಗೆರೆ,
ಅದರಾಚೆಗಿನ ಬೆಳಕು ಈಚೆಗೆ ಕಾಣುವಷ್ಟು ತೆಳು.

ಗರಿ ಬೆಳೆಯುವ ದಿನಗಳಲ್ಲಿ ಹೆದರಿದರೆ, ಹಸಿದರೆ
ಆ ದಿನದಷ್ಟು ಅಗಲ ಗರಿ ಬಡವಾಗುತ್ತದೆ, ಅಂದರು.
ಆಮೇಲೆ ಎಷ್ಟು ತಿನ್ನಿಸಿದರೂ ತುಂಬದು.
ಮುರಿಯುವುದೂ ಅಲ್ಲೇ.
ಎದೆಯಲ್ಲಿರುವುದು ಬೂಷ್ಟು.
ಎಲ್ಲ ಹಕ್ಕಿಗಳೂ ಉಸಿರಾಡುವ ಬೂಷ್ಟೇ ಅದು,
ಕುಗ್ಗಿದವಳೊಳಗೆ ಮಾತ್ರ ಬೇರು ಬಿಡುತ್ತದೆ.

ಅಳತೆಪಟ್ಟಿ ಇಟ್ಟರು, ಬೆರಳಲ್ಲಿ ದಿನ ಎಣಿಸಿದರು.
ಜುಲೈ. ಎರಡನೇ ವಾರವಿರಬಹುದು.
ಆಗ ಏನಾಗಿತ್ತು?

ಏನಿಲ್ಲ, ಅಂದ ಮುರಾದ್.
ಎ.ಸಿ. ಕೆಟ್ಟಿರಲಿಲ್ಲ. ಪಕ್ಕದಲ್ಲಿ ಕಟ್ಟಡದ ಗಲಾಟೆ ಇರಲಿಲ್ಲ.
ದಿನಾ ಒಂದು ಲಾವಕ್ಕಿ, ಹೊತ್ತಿಗೆ ಸರಿಯಾಗಿ,
ನನ್ನ ಕೈಯಿಂದಲೇ.

ಡಾಕ್ಟರಿಗೆ ಫೋನು ಬಂದು ಹೊರಗೆ ಹೋದರು.
ಅವನು ಹಕ್ಕಿಯನ್ನೇ ನೋಡುತ್ತ
ಹಿಂದಿಯಲ್ಲಿ, ತನಗೇ ಹೇಳಿಕೊಂಡಂತೆ:
ಜುಲೈಯಲ್ಲಿ ಅಬ್ಬಾ ಹೋದರು, ಪಂಜ್‌ಗೂರಿನಲ್ಲಿ.
ರಜೆ ಕೇಳಿದೆ.
ಗರಿ ಬರುವ ಕಾಲ, ಈಗ ಕೈ ಬದಲಾದರೆ
ಹಕ್ಕಿ ಬೆದರುತ್ತದೆ, ಅಂದರು ಧಣಿ.
ನಿಜ. ನಾನೇ ಅವರಿಗೆ ಕಲಿಸಿದ ಮಾತು.
ಅವಳೆದುರು ಅಳಲಿಲ್ಲ ಭಾಯ್,
ಉಸಿರು ಹಿಡಿದು ಮಾಂಸ ಕೊಟ್ಟೆ.
ಕೈ ಸ್ವಲ್ಪ, ಇಷ್ಟೇ ಇಷ್ಟು,

ಎಂದು ತೋರಿಸಲು ಹೋಗಿ ಕೈ ಮಡಚಿಕೊಂಡ.

ಕಾರಣ: ತಿಳಿದಿಲ್ಲ, ಎಂದಿತ್ತು ಕಾಗದದಲ್ಲಿ.
ನಾನು ಬಾಯಿ ಬಿಡಲಿಲ್ಲ.
ಬಿಟ್ಟರೆ ಗುಮಾಸ್ತ ಅದನ್ನೂ ಬಿಲ್ಲಿನ ಜೊತೆ ಲಗತ್ತಿಸಿ
ಧಣಿಗೆ ಕಳಿಸುತ್ತಾನೆ.

ಐದು ಗರಿ ಕೂರಿಸಿದೆ.
ಕಣ್ಣಿಗೆ ಅಂದವಾಗಿದೆ, ಹಾರುತ್ತಾಳೆ ಕೂಡ.
ಆದರೆ ಬಲೆಯ ಬುದ್ಧಿ ನನಗೆ ಗೊತ್ತಲ್ಲ,
ಹೊಲಿದ ಕಣ್ಣು ಗಟ್ಟಿ ನಿಲ್ಲುತ್ತದೆ,
ಮುಂದಿನ ಸಲ ಹರಿಯುವುದು ಅದರ ಪಕ್ಕದ್ದು.
ಮುರಿಯದ ಏಳರಲ್ಲೂ ಆ ಗೆರೆ ಇದೆ.

ಅವಳು ಎದ್ದಳು, ಕೊಡವಿಕೊಂಡಳು,
ಕೋಣೆಯಲ್ಲಿ ಎಲ್ಲರನ್ನೂ ಬಿಟ್ಟು
ಅವನ ಮುಖದ ಕಡೆ ತಿರುಗಿದಳು.
ಮುರಾದ್ ಬುರ್ಖಾ ತೊಡಿಸುತ್ತಿದ್ದ.
ಈ ಸಲ ಊರಿಗೆ ಯಾವಾಗ? ಕೇಳಿಬಿಟ್ಟೆ.

ದಾರದ ಒಂದು ತುದಿ ಬೆರಳಲ್ಲಿತ್ತು,
ಇನ್ನೊಂದನ್ನು ಹಲ್ಲಲ್ಲಿ ಕಚ್ಚಿ ಎಳೆಯುತ್ತಿದ್ದ.
ಅವನ ಬಾಯಿ ಖಾಲಿ ಇರಲಿಲ್ಲ.