ಮುಳ್ಳಿನ ಲೆಕ್ಕ

ಫೋನಿನಲ್ಲಿ ಮೌನೇಶಾಚಾರಿ ಹೇಳಿದ್ದು ಇಷ್ಟೇ:
"ಮೆಷಿನ್ನಿಗೆ ದಮ್ಮಿಲ್ಲ ಬಾಬಾಜಾನ್, ಬಾ."

ಶಿಡ್ಲಘಟ್ಟ. ಗೂಡಿನ ಮಾರುಕಟ್ಟೆಯ ಹಿಂದಿನ ಓಣಿ.
ಒಂದು ಕಡೆ ಬೇಯಿಸಿದ ಗೂಡಿನ ನಾತ,
ಇನ್ನೊಂದು ಕಡೆ ಹಸಿ ಬೇವಿನ ಹೊಟ್ಟಿನ ಕಮಟು,
ನಡುವೆ ಆ ಯಂತ್ರ.
ಕೊಯ್ಯುವುದೂ ಅದೇ, ಕೊರೆಯುವುದೂ ಅದೇ,
ರಂದ ಹೊಡೆಯುವುದು, ಉಜ್ಜುವುದು, ಕಡೆಯುವುದು
ಎಲ್ಲಕ್ಕೂ ಒಂದೇ ಮೋಟಾರು,
ತುಂಬಿದ ಮನೆಗೆ ಒಬ್ಬಳೇ ಸೊಸೆ.

ಮೊದಲು ಕರೆಂಟನ್ನು ಅನುಮಾನಿಸಿದೆ.
ವೈಂಡಿಂಗಿನವನಿಗೆ ಅದು ಶಾಸ್ತ್ರ.
ರೇಷ್ಮೆ ಬಿಚ್ಚುವ ಮನೆಗಳೆಲ್ಲ ಶುರುವಾಗುವ ಹೊತ್ತಿಗೆ
ಓಣಿಯ ಬಲ್ಬು ಅರಿಶಿನಕ್ಕೆ ತಿರುಗುತ್ತದೆ.
ಮೀಟರಿಟ್ಟೆ. ಇನ್ನೂರ ಇಪ್ಪತ್ತೆರಡು. ತಪ್ಪು ಅಲ್ಲಿಲ್ಲ.
ಕೆಪಾಸಿಟರ್ ಬದಲಿಸಿದೆ. ಗುರ್ ಅಂದಿತು, ಮತ್ತೆ ಹಳೆಯ ಹಾಡು.
ಬೆಲ್ಟು ಬಿಚ್ಚಿದೆ, ಪಕ್ಕೆ ಕನ್ನಡಿಯ ಹಾಗಿತ್ತು.
"ಹೊಳೆದರೆ ಒಳ್ಳೇದಲ್ವಾ?" ಅಂದ ಹುಡುಗ ಚಲಪತಿ.
"ಜಾರಿ ಜಾರಿ ಬಂದ ಹೊಳಪಪ್ಪಾ ಅದು."

ಮುಚ್ಚಳ ತೆಗೆದೆ.
ಎರಡು ತಟ್ಟೆ, ನಡುವೆ ಬೆಲ್ಟು ಕೂರುವ ಸಂದು.
ತಟ್ಟೆ ಹತ್ತಿರ ಬಂದರೆ ಬೆಲ್ಟು ಅಂಚಿಗೇರುತ್ತದೆ,
ದೂರ ಸರಿದರೆ ನಡುವಿಗಿಳಿಯುತ್ತದೆ.
ವೇಗ ಅಂದರೆ ಇಷ್ಟೇ, ಒಂದು ಸಂದು.
ಆ ಸಂದಿನಲ್ಲಿ ಹೊಟ್ಟು ಕೂತು, ಗ್ರೀಸು ಕುಡಿದು,
ಮಳೆಗಾಲದ ಬೆಲ್ಲದ ಹಾಗೆ ಅಂಟಿಕೊಂಡಿತ್ತು.

"ಇಲ್ಲಿ ಗ್ರೀಸು ಹಾಕಿದ್ದು ಯಾರು?"
ಆಚಾರಿ ಸೂರು ನೋಡಿದರು.
"ನಿಂತ ಮೆಷಿನ್ನಿನ ಗುಂಡಿ ತಿರುಗಿಸಿದ್ದು ಯಾರು?"
ಚಲಪತಿ ನೆಲ ನೋಡಿದ.
"ಓಡುವಾಗಲೇ ತಿರುಗಿಸಬೇಕು ಕಣೋ,
ನಿಂತಾಗ ಒತ್ತಿದರೆ ಬೆಲ್ಟು ಏರಲ್ಲ, ಇಳಿಯಲ್ಲ,
ಎಲ್ಲೋ ಒಂದು ಹಲ್ಲು ಮುರಿಯುತ್ತೆ."

ಸೀಮೆಎಣ್ಣೆ, ಹಳೇ ಬ್ರಷ್ಷು, ಮೂರು ಗಂಟೆ.
ಚಿಂತಾಮಣಿಯ ಬಸ್ಸಿನಲ್ಲಿ, ಕಂಡಕ್ಟರ್ ಕೈಯಲ್ಲಿ, ಹೊಸ ಬೆಲ್ಟು ಬಂತು.
ಮೆಷಿನ್ನು ಎದ್ದಿತು.
ಸುತ್ತೆಣಿಸುವ ಮೀಟರು ಹಿಡಿದೆ:
ಮುಳ್ಳು ಆರು ಅನ್ನುತ್ತದೆ, ಸುತ್ತು ನಾಲ್ಕರದ್ದು.
ಗುಂಡಿಯನ್ನೇ ಯಾರೋ ಓರೆಯಾಗಿ ಕೂರಿಸಿದ್ದಾರೆ, ಮೊದಲ ದಿನದಿಂದಲೂ.
ಸ್ಕ್ರೂ ಸಡಿಲಿಸಿ, ಮುಳ್ಳನ್ನು ನೇರ ಮಾಡಿ, ಬಿಗಿದೆ.
ಯಾರೂ ಕೇಳಿರಲಿಲ್ಲ.

ಆಚಾರಿ ಹುಣಸೆಯ ತುಂಡು ಕಚ್ಚಿಸಿದರು, ಚರಕದ ಕದಿರಿಗೆಂದು.
ಹನ್ನೊಂದು ವರ್ಷದ ಅಭ್ಯಾಸ: ಆರಕ್ಕೆ ತಿರುಗಿಸಿದರು.
ಉಳಿ ತಾಗಿತು.
ಕಟ್ಟಿಗೆ ಕಿರುಚಿತು, ಹೊಗೆ ಬಂತು, ಕಪ್ಪು ಉಂಗುರ ಬಿತ್ತು,
ಒಂದು ಚಕ್ಕೆ ಹಾರಿ ಹಾಲಿನ ಸೊಸೈಟಿಯ ಕ್ಯಾಲೆಂಡರಿಗೆ ಬಡಿಯಿತು.

"ಏನು ಮಾಡಿದೆಯಪ್ಪಾ?"
"ಸರಿ ಮಾಡಿದೆ."
"ಯಾವುದನ್ನ?"

ನನ್ನಲ್ಲಿ ಉತ್ತರ ಇತ್ತು, ಅಂಕಿಯೂ ಇತ್ತು.
ಮುಳ್ಳು ಹನ್ನೊಂದು ವರ್ಷ ಸುಳ್ಳು ಹೇಳಿದೆ,
ಈ ಮನುಷ್ಯ ಆ ಸುಳ್ಳಿನ ಮೇಲೆ
ಎಷ್ಟು ಮಂಚದ ಕಾಲು, ಎಷ್ಟು ಕಡೆಗೋಲು, ಎಷ್ಟು ತೊಟ್ಟಿಲ ಗುಬುಟು
ಒಂದಕ್ಕೊಂದು ಹೊಂದುವ ಹಾಗೆ ಕಡೆದಿದ್ದಾರೆ.
ಬಾಯಿ ಬಿಡಲಿಲ್ಲ.

ಅವರು ಕಿವಿಯ ಮೇಲಿನ ಪೆನ್ಸಿಲು ತೆಗೆದರು.
ಮೆಷಿನ್ನು ಓಡಿಸಿ, ಕಣ್ಣು ಮುಚ್ಚಿ,
ಗುಂಡಿಯನ್ನು ಸಕ್ಕರೆ ಪಾಕ ನೋಡುವವರ ಹಾಗೆ ಮೆಲ್ಲಗೆ ಇಳಿಸಿದರು.
ಒಂದು ಕಡೆ ನಿಂತರು. ತಗಡಿನ ಮೇಲೆ ಬರೆದರು: ಹು.
ಸ್ವಲ್ಪ ಮೇಲೆ: ಬೇ. ಅದಕ್ಕೂ ಮೇಲೆ: ತೇ.
ಹಲಸಿಗೆ ಎರಡು ಸಲ ಅಳಿಸಿದರು.

"ಹೆಂಗೆ ಗೊತ್ತಾಗುತ್ತೆ ಮಾಮ?" ಚಲಪತಿ.
"ಉಳಿ ಹಿಡಿದರೆ ಈ ದವಡೆ ಹಲ್ಲು ಜುಮ್ ಅನ್ನುತ್ತೆ.
ಅದು ಸುಮ್ಮನಾದ ಕಡೆ ನಿಲ್ಲಿಸು."
"ನಂಗೆ ಹಲ್ಲು ಚೆನ್ನಾಗೈತಲ್ಲ?"
"ಕಾಯಿ."

ಬಿಲ್ಲು ಬರೆದೆ: ಬೆಲ್ಟು, ಕೆಪಾಸಿಟರ್, ಕೂಲಿ.
ಮುಳ್ಳು ಸರಿಪಡಿಸಿದ್ದಕ್ಕೆ ಎಂದು ಬರೆದು, ಹೊಡೆದು ಹಾಕಿದೆ.
ಆಚಾರಿ ಎಣಿಸಿ ಕೊಟ್ಟರು, ಐವತ್ತು ಹೆಚ್ಚಿತ್ತು.
"ಇದ್ಯಾಕೆ?"
"ಗ್ರೀಸಿಗೆ," ಅಂದರು, ಸೂರು ನೋಡುತ್ತಾ.