ಮೇಜುಬಟ್ಟೆ

ಕೋಲಾರದ ನಮ್ಮ ದೇವಾಲಯದ ವೆಸ್ಟ್ರಿಯಲ್ಲಿ
ಟೊಮ್ಯಾಟೊ ಕ್ರೇಟು ಎರಡು, ಒಂದರ ಮೇಲೊಂದು.
ಅದೇ ಗ್ರಂಥಾಲಯ.
ಗುರುವಾರ ಮಧ್ಯಾಹ್ನ ಸ್ತ್ರೀಯರ ಸಂಘ:
ಏಳು ಜನ, ಒಂದು ಫ್ಯಾನು, ಅದೂ ಕರೆಂಟಿದ್ದರೆ.

ಅವತ್ತು ಕೀರ್ತನೆ ಮುಗಿದ ಮೇಲೆ ನಾನೊಂದು ಕತೆ ಓದಿದೆ.
ಕತೆಯಲ್ಲಿ ಒಬ್ಬಳು. ಸಭೆ ಅವಳ ಹೆಸರು ಹೊಡೆದುಹಾಕಿದೆ.
ಕರ್ತನ ಭೋಜನದಲ್ಲಿ ಪಾಲಿಲ್ಲ;
ಒಗೆಯಲು ಮೇಜುಬಟ್ಟೆ ಮಾತ್ರ ಅವಳ ಮನೆಗೇ ಬರುತ್ತದೆ.
ಮಡಿಕೆ ಬಿಚ್ಚುತ್ತಾಳೆ, ಸಿಕ್ಕ ಒಂದು ರೊಟ್ಟಿಚೂರನ್ನು
ನಾಲಿಗೆಯ ತುದಿಗಿಟ್ಟು ಕಣ್ಣು ಮುಚ್ಚುತ್ತಾಳೆ.
ಅಲ್ಲಿಗೆ ಮುಗಿಯಿತು.

ಯಾರೂ ಆಮೆನ್ ಅನ್ನಲಿಲ್ಲ,
ಕತೆಗೆ ಅನ್ನಬೇಕೋ ಬೇಡವೋ ತಿಳಿಯದೆ.

ಆಮೇಲೆ ಜೀವರತ್ನಮ್ಮ,
ಮೂವತ್ತೊಂದು ವರ್ಷದಿಂದ ನಮ್ಮ ಮೇಜುಬಟ್ಟೆ ಒಗೆಯುವವರು,
"ಸುಳ್ಳು" ಅಂದರು.
"ಬರೆದವನು ಒಂದು ದಿನವೂ ಒಗೆದವನಲ್ಲ.
ಚೂರು ಎಲ್ಲಿ ಉಳಿಯುತ್ತೆ? ಅಲ್ಲೇ ಕೊಡವಿಬಿಡ್ತಾರೆ.
ಉಳಿಯೋದು ದ್ರಾಕ್ಷಾರಸದ ಕಲೆ.
ಉಪ್ಪು ಉಜ್ಜಿ, ನಿಂಬೆಹಣ್ಣು ಹಿಂಡಿ,
ಬೆಟ್ಟದ ಕಡೆ ತಂತಿ ಮೇಲೆ ಎರಡು ದಿನ ಬಿಸಿಲು.
ಆದರೂ ಹೋಗಲ್ಲ."

ನಾವು ನಕ್ಕೆವು. ಅವರು ನಗಲಿಲ್ಲ.
ಫ್ಯಾನು ನಿಂತಿತು.

"ನಮ್ಮ ಸುಗುಣ," ಅಂದರು. ಅಷ್ಟೇ.

ಆ ಹೆಸರು ನಾನು ಕೇಳಿದ್ದು ಚಿಕ್ಕಂದಿನಲ್ಲಿ,
ದೊಡ್ಡವರು ದನಿ ತಗ್ಗಿಸಿದ ಕಡೆ.
ಇವರ ತಂಗಿ. ಬೇತಮಂಗಲದ ಗಾರೆಕೆಲಸದವನ ಜೊತೆ ಮಾತು,
ಮದುವೆಗೆ ಮುಂಚೆ ಬಸಿರು.
ಕಮಿಟಿ ಕೂತು, ಪ್ರಾರ್ಥನೆ ಮಾಡಿ, ಶಾಯಿಯಲ್ಲಿ ಗೆರೆ ಎಳೆಯಿತು.
ಪ್ರಾರ್ಥನೆ ಮಾಡಿಯೇ.
ಸೆಕ್ರೆಟರಿ ನಮ್ಮಪ್ಪ.
ಮುತ್ತಿನಂಥ ಅಕ್ಷರ ಅವರದು, ಗೆರೆಯೂ ನೆಟ್ಟಗೆ.

ಕಳೆದುಹೋದ ಕುರಿಯ ಮೇಲೆ ಎಷ್ಟು ಪ್ರಸಂಗ ಕೇಳಿಲ್ಲ!
ಪ್ರತಿ ಸಲವೂ ಕುರಿ ಬೇರೆ ಯಾರೋ,
ನಾವು ಬೆಂಚು ತುಂಬ ತೊಂಬತ್ತೊಂಬತ್ತು.
ಈ ಕತೆಗೆ ಕಲೆ ತೆಗೆಯುವುದೇ ಗೊತ್ತಿಲ್ಲ,
ಆದರೂ ಸರಿಯಾದ ಮನೆಯ ಬಾಗಿಲು ತಟ್ಟಿತ್ತು.
ಎರಡು ಮನೆಯ ಬಾಗಿಲು.

"ಒಂದು ಚೂರು," ಅಂದರು ಜೀವರತ್ನಮ್ಮ, ಎದ್ದು ಹೊರಡುತ್ತಾ,
"ಸೆರಗಿನಲ್ಲಿ ಕಟ್ಟಿಕೊಂಡು ಹೋಗಬಹುದಿತ್ತು ನಾನು.
ಯಾರು ನೋಡ್ತಿದ್ದರು?"

ತಿಂಗಳ ಮೊದಲ ಭಾನುವಾರ
ಮೊಣಕಾಲೂರಿದ ಸಾಲಿನಲ್ಲಿ ತಮ್ಮ ಪಕ್ಕ
ಒಬ್ಬರಷ್ಟು ಜಾಗ ಬಿಟ್ಟರು.
ನಾನು ಸರಿಯಹೋದೆ; ಮೊಣಕೈ ಅಡ್ಡ ಬಂತು.
ತಟ್ಟೆ ಹಿಡಿದು ಬಂದ ಅಯ್ಯನವರು
ಖಾಲಿ ಜಾಗದ ಮುಂದೆ ನಿಂತರು, ತಡೆದು,
ಮುಂದಿನ ಮಾತು ಆರಾಧನೆಯ ಪುಸ್ತಕದಲ್ಲಿ ಇಲ್ಲದವರಂತೆ.

ಕತೆಪುಸ್ತಕ ಮರುವಾರ ವಾಪಸು ಬಂತು.
ಕೊನೆಯ ಪುಟದ ಅಂಚಿಗೆ ಪೆನ್ಸಿಲಿನಲ್ಲಿ,
ಒತ್ತೊತ್ತಿ ಬರೆದ ತಿದ್ದುಪಡಿ:
ಉಪ್ಪು. ನಿಂಬೆಹಣ್ಣು. ಎರಡು ದಿನ ಬಿಸಿಲು.